ನೆರಳಿನ ಬೆನ್ನು ಹತ್ತಿದ ಗಾಡಿ

ಗಜೇಂದ್ರಗಡದಲ್ಲಿ ಕೋಟೆ ಕಟ್ಟಿದವರ ನಂತರ ಊರಿನ ಇತಿಹಾಸದಲ್ಲಿ ಬರಬೇಕಾದ ಹೆಸರು ನನ್ನದೇ ಎಂದು ನಾನು ತೀರ್ಮಾನಿಸಿದ್ದು ಎರಡು ಸಾವಿರದ ಏಳರ ದಸರಾ ರಜೆಯಲ್ಲಿ. ನಾನೆಂದರೆ ಅಂದಪ್ಪ, ಹೈಸ್ಕೂಲಿನ ವಿಜ್ಞಾನ ಮಾಸ್ತರ. ನೇಕಾರರ ಓಣಿಯಲ್ಲಿ ಹುಟ್ಟಿ, ಮಗ್ಗಕ್ಕೆ ದೂರದಿಂದಲೇ ಕೈಮುಗಿದು ಸೀಮೆಸುಣ್ಣ ಹಿಡಿದವನು. ಮನೆಯಲ್ಲಿ ಹೆಂಡತಿ ಬನಶಂಕರಿ ಮಗ್ಗ ಬಿಟ್ಟಿಲ್ಲ. ಪಡಸಾಲೆಯಲ್ಲಿ ಕುಳಿತು ಅವ್ವ ರಾಟೆ ತಿರುಗಿಸಿ ನೂಲಿನ ಕಂಡಿಕೆ ಸುತ್ತುತ್ತಾಳೆ; ಒಳಮನೆಯಲ್ಲಿ ಇವಳು ಅದನ್ನು ಲಾಳಿಗೆ ಹಾಕಿ ನೇಯುತ್ತಾಳೆ. ನಡುವೆ ಕಂಡಿಕೆ ಹೊರುವ ಆಳು ಯಾರು? ನಾನು! ಬಿ.ಎಸ್ಸಿ., ಬಿ.ಎಡ್.! ಈ ಅವಮಾನಕ್ಕೆ ಕೊನೆ ಹಾಡುವ ಯಂತ್ರವನ್ನು ಮಾಡಿಯೇ ತೀರುತ್ತೇನೆಂದು ಶಪಥ ತೊಟ್ಟೆ.

ಹುಬ್ಬಳ್ಳಿಗೆ ಹೋಗಿ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು, ಸಣ್ಣ ಮೋಟಾರು, ಮೂರು ಜೊತೆ ಸೆನ್ಸರ್ ತಂದೆ. ಸೆನ್ಸರ್ ಎಂದರೆ ಜೋಡಿ ಕಣ್ಣು. ಒಂದು ಕಣ್ಣು ನಮಗೆ ಕಾಣದ ಅವಕೆಂಪು ಕಿರಣವನ್ನು ನೆಲಕ್ಕೆ ಬಿಡುತ್ತದೆ, ಪಕ್ಕದ ಕಣ್ಣು ತಿರುಗಿ ಬಂದದ್ದನ್ನು ಹಿಡಿಯುತ್ತದೆ. ಬಿಳಿ ನೆಲ ಕಿರಣವನ್ನು ವಾಪಸು ಕಳಿಸುತ್ತದೆ. ಕಪ್ಪು ಗೆರೆ ನುಂಗಿ ಕೂರುತ್ತದೆ. ಅದನ್ನು ನೋಡಿ ಚಿಪ್ಪು ಮೋಟಾರುಗಳಿಗೆ ಎಡಕ್ಕೆ, ಬಲಕ್ಕೆ, ನೇರಕ್ಕೆ ಎಂದು ಅಪ್ಪಣೆ ಕೊಡುತ್ತದೆ. ಕಪ್ಪು ಕಂಡರೆ ಅದರ ಬೆನ್ನು ಹತ್ತು, ಕಾಣದಿದ್ದರೆ ಸಿಗುವ ತನಕ ತಿರುಗು! ಇಷ್ಟೇ ನನ್ನ ಗಾಡಿಯ ವೇದಾಂತ. ಅದರ ಮೈಕಟ್ಟಿಗೆ ಒಂದು ತಗಡು ಬೇಕಾಗಿತ್ತು, ಅದೂ ಸಿಕ್ಕಿತು.

"ರೀ, ರೊಟ್ಟಿ ಡಬ್ಬಿ ಮುಚ್ಚಳ ಎಲ್ಲಿ ಹೋತ್ರಿ?"

"ವಿಜ್ಞಾನಕ್ಕ ಹೋತು."

"ಹಂಗಾರ ನಾಳಿಂದ ರೊಟ್ಟಿನೂ ವಿಜ್ಞಾನನ ಬಡೀಲಿ!"

ಆದರೆ ಗಾಡಿ ಓಡಿತು! ರಾಟೆಯಿಂದ ಮಗ್ಗದವರೆಗೆ ಬಿಳಿ ಹಾಳೆ ಹಾಸಿ ಕರಿ ಟೇಪು ಅಂಟಿಸಿದ್ದೆ. ಗಾಡಿ ಕಂಡಿಕೆ ಹೊತ್ತು, ಮೂಲೆಯಲ್ಲಿ ಅಚ್ಚುಕಟ್ಟಾಗಿ ಹೊರಳಿ, ಬನಶಂಕರಿಯ ಮಗ್ಗಕ್ಕೆ ತಲುಪಿತು. ಅವ್ವ ರಾಟೆ ನಿಲ್ಲಿಸಿ ನೋಡಿದಳು. "ಹಾಕಿದ ಗೆರಿ ದಾಟೂದಿಲ್ಲಲೋ ಇದು! ಹಡದ ಮಗಗಿಂತ ಚಲೋ ಐತಿ," ಎಂದಳು. ನಾನದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಆ ದಿನಗಳಲ್ಲಿ ಬನಶಂಕರಿಗೆ ಬೇರೆಯದೇ ಧ್ಯಾನ. ಅವಳ ತಂಗಿ ಬನಶ್ರೀ ಬಸುರಿ, ಸವಡಿಯ ಅತ್ತೆಮನೆಯಲ್ಲಿ ಕುಬಸ, ಅಂದರೆ ಸೀಮಂತ, ಗೊತ್ತಾಗಿತ್ತು. ಕುಬಸದ ಹಸಿರು ಸೀರೆಯನ್ನು ತಾನೇ ನೇಯ್ದು ಉಡಿಸುವುದಾಗಿ ಅಕ್ಕ ಮಾತು ಕೊಟ್ಟಿದ್ದಳು. ಅದೂ ಒಂದಲ್ಲ, ಒಂದೇ ಹಾಸಿನಲ್ಲಿ ಎರಡು ಸೀರೆ!

"ಒಂದು ಆಕಿಗೆ, ಒಂದು ನನಗ. ಅಕ್ಕತಂಗಿ ಒಂದ ನಮೂನಿ ಉಟ್ಟು ನಿಂದರಬೇಕಂತ ಭಾಳ ದಿನದ ಆಸೆರಿ," ಎಂದಿದ್ದಳು. ಲಗ್ನವಾಗಿ ಬಂದಾಗಿನಿಂದ ಪರರಿಗೆ ನೇಯ್ದವಳು ತನಗೆಂದು ಒಂದು ಸೀರೆ ನೇಯ್ದುಕೊಂಡಿರಲಿಲ್ಲ. ನಾನು "ಹೂಂ" ಎಂದೆ. ಆಗ ನನ್ನ ಕಣ್ಣು ಬ್ಯಾಟರಿಯ ಮೇಲಿತ್ತು.

ನಮ್ಮ ಓಣಿಯಲ್ಲಿ ಹಾಸು ಹೂಡುವುದೆಂದರೆ ಸಣ್ಣ ಮಾತಲ್ಲ. ಸೀರೆಯ ಉದ್ದೆಳೆಗಳನ್ನು ಬೀದಿಯುದ್ದಕ್ಕೂ ಸೊಂಟದೆತ್ತರಕ್ಕೆ ಹರವಿ, ಎರಡೂ ತುದಿ ಬಿಗಿದು, ನಡುನಡುವೆ ಕೋಲುಗಳನ್ನು ಕತ್ತರಿಯಂತೆ ನಿಲ್ಲಿಸಿ ಆಸರೆ ಕೊಟ್ಟು, ಗಂಜಿ ಹಚ್ಚಿ ಕುಂಚದಿಂದ ತೀಡಬೇಕು. ಒಬ್ಬರ ಹಾಸು ಹೂಡಲು ಓಣಿಯೇ ಬರುತ್ತದೆ. ತಮ್ಮ ಮಗ್ಗ ನಿಲ್ಲಿಸಿ ಬರುತ್ತಾರೆ. ಹಾಸು ಹರವಿದಾಗ ಸೈಕಲ್ಲಿನವನೂ ಇಳಿದು ಸುತ್ತು ಹಾಕಿ ಹೋಗುತ್ತಾನೆ. ಇಷ್ಟೆಲ್ಲ ಹುಟ್ಟಿದಾಗಿನಿಂದ ನೋಡಿದವನು ನಾನು.

ನಮ್ಮ ಹಾಸು ಹೂಡುವ ದಿನ ಬಂತು. ನನ್ನ ಯೋಚನೆಯ ವಾಸನೆ ಬನಶಂಕರಿಗೆ ಹತ್ತಿತ್ತು. "ಇವತ್ತೊಂದಿನ ಆ ಗಾಡಿ ಹೊರಗ ತರಬ್ಯಾಡ್ರಿ, ಕೈ ಮುಗೀತೀನಿ."

"ಓಣಿ ಮಂದಿ ಎಲ್ಲಾ ಕೂಡೂದ ಇವತ್ತ. ನೋಡಿದ್ರ ನಿನಗ ಎಷ್ಟು ಮಾನ ಬರ್ತೈತಿ!"

"ಇದ್ದದ್ದು ಹೋಗದಿದ್ರ ಸಾಕ್ರಿ."

ನಾನು ಕೇಳಲಿಲ್ಲ. ಶಾಲೆಯ ಸಮಾರಂಭದ ಹಳೆಯ ಫ್ಲೆಕ್ಸನ್ನು ಬೆನ್ನು ಮೇಲಾಗಿ ಬೀದಿಯಲ್ಲಿ ಹಾಸಿದೆ. ಬಿಳಿ ಬೆನ್ನಿನ ಮೇಲೆ ಕರಿ ಟೇಪು ಎಳೆದೆ. ಗಾಡಿಯ ಮೇಲೆ ಗಂಜಿ ಬಟ್ಟಲು ಇಟ್ಟೆ. ಓಣಿಯ ಹಿರಿಯ ನೇಕಾರ ಹುಚ್ಚಪ್ಪಕಾಕಾ ಕುಂಚ ಹಿಡಿದು ನಿಂತಿದ್ದರು.

"ಕಾಕಾ, ನೀವು ನಿಂತಲ್ಲೇ ನಿಲ್ರಿ. ಗಂಜಿನ ನಿಮ್ಮ ಹಂತ್ಯಾಕ ಬರ್ತೈತಿ!" ಎಂದು ಸಾರಿ ಸ್ವಿಚ್ಚು ಒತ್ತಿದೆ.

ಮನೆಯೊಳಗೆ ಗೆರೆ ದಾಟದ ಪತಿವ್ರತೆ ಹೊರಗೆ ಬಂದು ನಿಂತಲ್ಲೇ ಗಿರಗಿರ ತಿರುಗತೊಡಗಿತು! ಗಂಜಿ ನಾಲ್ಕೂ ದಿಕ್ಕಿಗೆ ಹಾರಿತು. ಒಂದು ಪಾಲು ಕಾಕಾರ ಧೋತರಕ್ಕೆ ಸಂದಿತು.

"ಮಾಸ್ತರ, ಯಾಕ ಇದು ಮೈಯಾಗ ದೇವ್ರ ಬಂದಂಗ ಮಾಡಾಕತ್ತೈತಿ?"

"ಹಾದಿ ಹುಡಕಾಕತ್ತೈತ್ರಿ ಕಾಕಾ. ಶಾಣ್ಯಾ ಗಾಡಿ!"

ಶಾಣ್ಯಾ ಗಾಡಿ ತಿರುಗುತ್ತ ತಿರುಗುತ್ತ ಫ್ಲೆಕ್ಸಿನಿಂದ ಜಾರಿ ನೆಲಕ್ಕಿಳಿಯಿತು. ಹಾಸಿನ ನೆರಳು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಗಾಡಿ ಅದರೊಳಗೆ ಹೊಕ್ಕಿದ್ದೇ ತಡ, ತಿರುಗುವುದನ್ನು ಬಿಟ್ಟು ನೆರಳಿನುದ್ದಕ್ಕೂ ನೆಟ್ಟಗೆ ಹೊರಟಿತು! ಅಂಚಿಗೆ ಬಂದರೆ ಮತ್ತೆ ಒಳಗೆ ಹೊರಳುತ್ತಿತ್ತು.

"ನೋಡ್ರಿ, ನೋಡ್ರಿ! ಗೆರಿ ಇಲ್ದನ ಹ್ಯಾಂಗ ಹೊಂಟೈತಿ!" ಎಂದು ಕೂಗಿದೆ. ಯಾರೋ ಚಪ್ಪಾಳೆ ತಟ್ಟಿದರು. ನಾನು ಎದೆಗೆ ಕೈಯಿಟ್ಟು ಬಾಗಿ ವಂದಿಸಿದೆ. ಆ ವಂದನೆ ನೆನಪಾದರೆ ಈಗಲೂ ಮುಸುಕು ಹಾಕಿಕೊಂಡು ಮಲಗಬೇಕೆನಿಸುತ್ತದೆ.

ಗಾಡಿ ಆಸರೆಯ ಕೋಲಿಗೆ ಗುದ್ದಿತು. ಕೋಲು ಬಿತ್ತು. ಅದರ ಭಾರಕ್ಕೆ ಪಕ್ಕದ್ದೂ ಬಿತ್ತು. ಗಂಜಿ ಕುಡಿದ ಹಸಿರು ಎಳೆಗಳು ಧೂಳಿಗಿಳಿದು ಗಾಡಿಯ ಗಾಲಿಗೆ ಸುತ್ತಿಕೊಳ್ಳತೊಡಗಿದವು. ಬನಶಂಕರಿ ಚೀರಿದಳು, "ಮುಟ್ಟಬ್ಯಾಡ್ರೀ! ಬಂದ್ ಮಾಡ್ರಿ ಮದ್ಲ!" ಸ್ವಿಚ್ಚು ಎಳೆಗಳ ಅಡಿಯಲ್ಲಿ ಹೂತುಹೋಗಿತ್ತು. ಗಾಬರಿಯಲ್ಲಿ ನಾನು ಗಾಡಿಯನ್ನೇ ಎತ್ತಿ ಎಳೆದೆ. ಪಟಪಟನೆ ಎಳೆಗಳು ಹರಿದವು. ಗಾಡಿ ಹರಿಯದಿದ್ದದ್ದನ್ನು ನಾನು ಹರಿದೆ.

ಓಣಿಯೆಲ್ಲ ನನ್ನತ್ತ ತಿರುಗಿತು. ಏನಾದರೂ ಹೇಳಬೇಕಲ್ಲ! "ಏನಾತಂದ್ರ ಕಾಕಾ, ಬಿಸಿಲಿನ್ಯಾಗೂ ಅವಕೆಂಪು ಕಿರಣ ಇರ್ತಾವ. ಅವು ಸೆನ್ಸರಿನ ಕಣ್ಣು ತುಂಬಿದ್ವು. ಅದಕ್ಕ ಕರಿ ಟೇಪೂ ಬೆಳ್ಳಗ ಕಂಡೈತಿ. ನೆರಳು ಒಂದ ಕರ್ರಗ ಕಂಡೈತಿ..."

"ಇದು ನಿನಗ ಮದ್ಲ ಗೊತ್ತಿತ್ತೇನು?" ಎಂದರು ಕಾಕಾ.

"ಗೊತ್ತಿತ್ರಿ. ಸಾಲ್ಯಾಗ ನಾನ ಪಾಠ ಮಾಡ್ತೀನಿ."

ಹುಚ್ಚಪ್ಪಕಾಕಾ ಧೋತರ ಝಾಡಿಸಿಕೊಂಡು ಕುಕ್ಕರುಗಾಲಿನಲ್ಲಿ ಕುಳಿತು ಎಳೆ ಬಿಡಿಸತೊಡಗಿದರು. ಉಳಿದವರೂ ಕುಳಿತರು. ಪಕ್ಕದ ಮನೆಯ ಚಮನಬಿ ಒಲೆಯ ಮೇಲಿನ ಸಾರು ಇಳಿಸಿಟ್ಟು ಬಂದಳು. ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಿ ಹಗುರಾಗುತ್ತಿದ್ದೆ! ಅವರ ಮಗ್ಗಗಳು ನನ್ನಿಂದಾಗಿ ಇಡೀ ದಿನ ನಿಂತಿದ್ದವು. ನಾನು ಅವರಿಗೆಲ್ಲ ನೀರು ಕೊಡುತ್ತ ತಿರುಗಿದೆ. ನಾಚಿಕೆಯಿಂದ ಯಾರ ಮುಖವನ್ನೂ ನೋಡಲಾಗಲಿಲ್ಲ. ಬನಶಂಕರಿಯ ಮುಖವನ್ನಂತೂ ನೋಡಲೇ ಇಲ್ಲ.

ಗಾಲಿಗೆ ಬಿಗಿದ ಎಳೆಗಳನ್ನು ಕತ್ತರಿಯಿಂದ ಕತ್ತರಿಸಿದವಳು ಅವಳೇ. ಜೋಡಿಸಿದ್ದು ಜೋಡಿಸಿ, ಕೆಟ್ಟದ್ದನ್ನು ಕಡಿದು ತೆಗೆದ ಮೇಲೆ ಉಳಿದ ಹಾಸನ್ನು ಕೈಯಿಂದ ಅಳೆದು, "ಒಂದ ಸೀರಿ ಆಗತೈತಿ," ಎಂದಳು.

"ಯಾರಿಗೆ?" ಎಂದು ಕೇಳಿದೆ, ಮೂರ್ಖ!

"ಬಸುರಿ ಯಾರ್ರಿ?" ಎಂದಳು.

ಸವಡಿಯಲ್ಲಿ ಕುಬಸ ಸಾಂಗವಾಗಿ ನಡೆಯಿತು. ಹಸಿರು ಸೀರೆಯಲ್ಲಿ ಬನಶ್ರೀ ಕಳೆಕಳೆಯಾಗಿದ್ದಳು. ಬಂದ ಹೆಂಗಸರೆಲ್ಲ ಅಂಚು ಮುಟ್ಟಿ ಮುಟ್ಟಿ ನೋಡಿದರು. ಪಕ್ಕದಲ್ಲಿ ಬನಶಂಕರಿ ಬಣ್ಣ ಮಾಸಿದ ಲಗ್ನದ ಸೀರೆಯುಟ್ಟು ನಿಂತಿದ್ದಳು. ನಾನು ಅರ್ಧ ಹೋಳಿಗೆ ಎಲೆಯಲ್ಲೇ ಬಿಟ್ಟು ಎದ್ದೆ.

ಅಷ್ಟರಲ್ಲಿ ಬನಶ್ರೀಯ ಮಾವ ಶಿವನಪ್ಪನವರು ತುಂಬಿದ ಪಡಸಾಲೆಯ ನಡುವೆ ನನ್ನನ್ನು ಹಿಡಿದು ನಿಲ್ಲಿಸಿದರು. "ಮಾಸ್ತರ, ತಾನ ಹಾದಿ ಹಿಡದು ಹೋಗೋ ಗಾಡಿ ಮಾಡೀರಂತಲ್ರಿ! ತಂದಿದ್ರ ನಾವೂ ನೋಡ್ತಿದ್ವಿ. ಯಾಕ ತರಲಿಲ್ಲ?"

ಉಬ್ಬಬಾರದ ಎದೆ ಅಲ್ಲಿಯೂ ಸ್ವಲ್ಪ ಉಬ್ಬಿತು! ಗಂಟಲು ಸರಿಮಾಡಿಕೊಂಡು, "ಅದು ಏನಂದ್ರ..." ಎಂದು ಶುರುಮಾಡಿದೆ.

ತಂಗಿಗೆ ಉಡಿ ತುಂಬುತ್ತಿದ್ದ ಬನಶಂಕರಿ ತಲೆಯೆತ್ತದೆ ಹೇಳಿದಳು:

"ಗಾಡಿಗೆ ನಾಚಿಕಿ ಆತ್ರಿ ಮಾವಾರ, ಮನ್ಯಾಗ ಕುಂತೈತಿ. ಇವರು ಬಂದಾರ ನೋಡ್ರಿ."