ಕಮಲಾಪುರದ ಲೈನಿಗೆ ಜೋಡಿ ಹುಡುಕಿದ್ದು

ಇಂಟರ್‌ನೆಟ್ ರಿಪೇರಿ ಕೆಲಸದಲ್ಲಿ ಹಾಳಾಗುವ ವಸ್ತು ಬೆರಳಿನಷ್ಟಿರುತ್ತದೆ, ಬೈಗುಳ ಮಾತ್ರ ಊರಷ್ಟು ಬರುತ್ತದೆ. ನನಗಂತೂ ಇದು ತಪ್ಪಿದ್ದಲ್ಲ. ಅವತ್ತು ಕಲಬುರಗಿಯಿಂದ ಹೋದ ಫೈಬರ್ ಕೇಬಲ್ಲಿನ ಕಮಲಾಪುರ ತುದಿಯಲ್ಲಿ ಮಾಡ್ಯೂಲ್ ಸತ್ತಿತ್ತು. ಸಿಗ್ನಲನ್ನು ಬೆಳಕಾಗಿಸುವ, ಬೆಳಕನ್ನು ಮತ್ತೆ ಸಿಗ್ನಲ್ ಮಾಡುವ ಸಣ್ಣ ತುಂಡು ಅದು. ಅದನ್ನು ಸಿಕ್ಕಿಸುವ ನಮ್ಮ ಮಷಿನ್ ಇದ್ದ ಮನೆಯ ಮಗಳಿಗೆ ಮಧ್ಯಾಹ್ನ ಮೂರಕ್ಕೆ ಆನ್‌ಲೈನ್ ಇಂಟರ್‌ವ್ಯೂ. ಆ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಮುಂಜಾನೆಯಿಂದ ಅವರು ಮಾಳಿಗೆ ಹತ್ತಿ ನಮ್ಮ ಆಫೀಸಿಗೆ ಫೋನ್ ಮಾಡುತ್ತಲೇ ಇದ್ದರು.

1. ಬಸ್ಸಿನ ಲೆಕ್ಕ

ಕಲಬುರಗಿಯ ಮೋಮಿನಪುರದಲ್ಲಿ ಮಾಡ್ಯೂಲ್ ಮಾರುವ ಅಂಗಡಿಯವ ಕೇಳಿದ: "ಎಷ್ಟ್ ದೂರದ್ದು ಬೇಕ್ರಿ ಸಾಬ್?"

ಮಾಡ್ಯೂಲನ್ನು ಕೇಬಲ್ಲಿನ ಉದ್ದ ನೋಡಿ ಕೊಳ್ಳಬೇಕು; ಸಣ್ಣ ದೂರದ್ದು ಹಾಕಿದರೆ ಬೆಳಕು ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ. ನಮ್ಮ ಕಂಪನಿ ಮಾಲೀಕರಿಗೆ ಫೋನ್ ಹಚ್ಚಿದೆ.

"ಕಮಲಾಪುರ ಏನ್ ದೂರೋ? ಬಸ್ಸಿನ್ಯಾಗ ಒಂದ್ ನಿದ್ದಿ ಸೈತ ಆಗಂಗಿಲ್ಲ. ಸಣ್ಣದ ತಗೋ."

"ಸರ್, ಕೇಬಲ್ ಬಸ್ಸಿನ ಹಂಗ ಸೀದಾ ಹೋಗಂಗಿಲ್ರಿ, ಸುತ್ತಿ ಸುತ್ತಿ ಹೋಗ್ತದ."

ಅವರು ಯೋಚನೆ ಮಾಡಿ ಹೇಳಿದರು: "ಹಂಗಾರ ನೀ ಕೇಬಲ್ ಹಿಡ್ಕೊಂಡು ಹೋಗಬ್ಯಾಡ, ಬಸ್ಸಿಗಿ ಹೋಗು. ಲಗೂ ಮುಟ್ತಿ."

ನಾನು ದೊಡ್ಡದನ್ನೇ ತೆಗೆದುಕೊಂಡು ಬಸ್ ಹತ್ತಿದೆ.

2. ಒಲ್ಲೆನೆಂದ ಮಷಿನ್

ಆ ಮನೆಯ ಮಾಳಿಗೆ ಮೇಲೆ ಮಷಿನ್ನಿಗೆ ಹೊಸ ಮಾಡ್ಯೂಲ್ ಕೂಡಿಸಿದೆ. ಮಷಿನ್ ಕೆಂಪು ದೀಪ ತೋರಿಸಿತು. ಹುಡುಗಿಯ ತಾಯಿ ಬೆನ್ನ ಹಿಂದೆಯೇ ನಿಂತಿದ್ದರು.

"ಏನಾತ್ರಿ ಅಣ್ಣಾ?"

"ತನ್ನ ಕಂಪನಿದು ಅಲ್ಲಂತ ಒಲ್ಲೆ ಅನ್ನಾಕತ್ತದ್ರಿ."

"ನಮ್ಮ ಅತ್ತಿನೂ ಹಂಗ ಇದ್ರು. ಬ್ಯಾರೆಯವ್ರ ಮನಿ ನೀರ್ ಕುಡೀತಿದ್ದಿಲ್ಲ."

"ಆಮ್ಯಾಲೆ?"

"ಬ್ಯಾಸಗಿ ಬಂತು, ಕುಡದ್ರು."

ಬೇರೆ ಕಂಪನಿಯದನ್ನೂ ಒಪ್ಪಿಕೋ ಎಂದು ನಾನು ಲ್ಯಾಪ್‌ಟಾಪಿನಿಂದ ಆಜ್ಞೆ ಕೊಟ್ಟೆ. ಅತ್ತೆಯಷ್ಟು ಹಟ ಅದಕ್ಕಿರಲಿಲ್ಲ.

3. ನೀಲಿಗೆ ನೀಲಿ

ಆದರೂ ಲೈನ್ ಬರಲಿಲ್ಲ. ಮೂರಾಗುತ್ತ ಬಂದಿತ್ತು. ಕೆಳಗೆ ಹುಡುಗಿ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ಕಲಬುರಗಿ ತುದಿಯಲ್ಲಿದ್ದ ನನ್ನ ಸಹಾಯಕನಿಗೆ ಫೋನ್ ಮಾಡಿದೆ.

"ಅಲ್ಲಿ ಏನಾರ ಮುಟ್ಟೀಯೇನೋ?"

"ಹೌದ್ರಿ. ನೀವು ನೀಲಿ ಹಿಡಿಕಿ ಮಾಡ್ಯೂಲ್ ಒಯ್ದೀರಿ, ಇಲ್ಲಿ ಹಳದಿ ಹಿಡಿಕೀದು ಇತ್ತು. ಬರೊಬ್ಬರಿ ಕಾಣಲಿಲ್ಲ. ತಗದು ನೀಲಿನ ಹಾಕೀನಿ. ಈಗ ಮಸ್ತ್ ಮ್ಯಾಚ್ ಆಗ್ಯಾವ್ರಿ!"

ಹಣೆ ಚಚ್ಚಿಕೊಂಡೆ. ಈ ಲೈನಿಗೆ ಒಂದು ತುದಿಯಲ್ಲಿ ನೀಲಿ, ಇನ್ನೊಂದರಲ್ಲಿ ಹಳದಿಯೇ ಇರಬೇಕು. ನೀಲಿ ಕಳಿಸುವ ಬೆಳಕು ಹಳದಿಗೆ ಮಾತ್ರ ತಿಳಿಯುತ್ತದೆ. ನಾನು ಅರಚಿ ಅರಚಿ ಇದನ್ನು ಹೇಳುತ್ತಿದ್ದಾಗ ತಾಯಿ ಫೋನನ್ನೇ ಕಸಿದುಕೊಂಡರು.

"ಏ ತಮ್ಮಾ, ಒಂದ ಬೆಡಗಿನವ್ರಿಗಿ, ಒಂದ ಗೋತ್ರದವ್ರಿಗಿ ಲಗ್ನ ಮಾಡ್ತಾರೇನೋ? ಅಣ್ಣ-ತಂಗಿ ಆಗ್ತಾರ! ಹಳದಿ ಹಾಕು!"

ಅವನು ತಕ್ಷಣ ಹಾಕಿದ. ನನ್ನ ಇಷ್ಟು ವರ್ಷದ ಪಾಠ ಅವನ ತಲೆಗೆ ಹೋಗಿದ್ದು ಅವತ್ತೇ.

4. ಇಂಟರ್‌ವ್ಯೂ

ನೆಟ್ ಬಂತು, ಮರುಕ್ಷಣವೇ ಕರೆಯೂ ಬಂತು. ಯಾವುದೋ ದೊಡ್ಡ ಇಂಟರ್‌ನೆಟ್ ಕಂಪನಿಯಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸವಂತೆ. ನಾನು, ತಾಯಿ ಇಬ್ಬರೂ ಬಾಗಿಲಲ್ಲಿ ನಿಂತು ಕೇಳಿದೆವು.

"ಬೆಳಿಗ್ಗೆಯಿಂದ ನೆಟ್ ಇಲ್ಲ ಅಂತ ಗಿರಾಕಿ ಫೋನ್ ಮಾಡಿ ಬೈದರೆ ಏನು ಹೇಳ್ತೀರಿ?"

ಹುಡುಗಿ ಒಂದಿಷ್ಟೂ ತಡವರಿಸಲಿಲ್ಲ. ಬೆಲ್ಲದಂಥ ದನಿಯಲ್ಲಿ ಹೇಳಿದಳು: "ನಮ್ಮ ಮನುಷ್ಯಾ ಆಗಲೇ ಹೊಂಟಾನ್ರಿ ಸರ್. ದಾರಿಯಾಗ ಅದಾನ. ಇನ್ನ ಹತ್ತ ಮಿನಿಟಿನ್ಯಾಗ ಬಂದ ಬಿಡ್ತಾನ್ರಿ."

ಆ ಕಡೆಯವರು ಖುಷಿಯಾದರು. "ಇಂಥವರೇ ಬೇಕು ನಮಗೆ! ಕೆಲಸ ನಿಮ್ಮದೇ. ಇಷ್ಟು ಚೆನ್ನಾಗಿ ಎಲ್ಲಿ ಟ್ರೈನಿಂಗ್ ಆಯ್ತು?"

ಹುಡುಗಿ ಬಾಯಿ ತೆರೆಯುವ ಮೊದಲೇ ತಾಯಿ ಒಳಗೆ ನುಗ್ಗಿ ನನ್ನ ಕಡೆ ಕೈ ತೋರಿಸಿದರು: "ಇವ್ರ ಆಫೀಸಿನವ್ರು ಮುಂಜಾನಿಂದ ಫೋನಿನ್ಯಾಗ ಕಲಿಸ್ಯಾರ್ರಿ!"