ಉತ್ತರದ ಗೋಡೆಯ ಪ್ಲಗ್ ಪಾಯಿಂಟ್ ಅವರಲ್ಲಿ ಒಂದು ಅಹವಾಲು

ಮಾನ್ಯ ಪ್ಲಗ್ ಪಾಯಿಂಟ್ ಅವರೇ,

ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ತೂಕ ಬರೆಯುವ ಗುಮಾಸ್ತ ಅಮರನಾಥ್ ಮಾಡುವ ಸವಿನಯ ನಮಸ್ಕಾರಗಳು. ನಮ್ಮ ಮನೆಯ ಹಾಡು ಕೇಳುವ ಕೋಣೆಯ ಉತ್ತರದ ಗೋಡೆಯಲ್ಲಿ, ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ, ಮೂರು ತೂತುಗಳ ಪ್ರಶಾಂತ ಮುಖದೊಂದಿಗೆ ತಾವು ಹನ್ನೊಂದು ವರ್ಷಗಳಿಂದ ವಿರಾಜಮಾನರಾಗಿದ್ದೀರಿ. ಇಷ್ಟು ಕಾಲ ತಮ್ಮ ಯೋಗಕ್ಷೇಮ ವಿಚಾರಿಸದೆ, ಇಸ್ತ್ರಿ ಪೆಟ್ಟಿಗೆಯ ವಯರನ್ನಷ್ಟೇ ಸಿಕ್ಕಿಸಿ ಕಿತ್ತುಕೊಳ್ಳುತ್ತಿದ್ದ ನನ್ನ ಒರಟುತನವನ್ನು ಮೊದಲು ಮನ್ನಿಸಬೇಕು.

ನನ್ನ ಅತ್ತೆ ದೊಡ್ಡಮುನಿಯಮ್ಮನವರೂ ಅವರ ಅಕ್ಕ ಗಂಗರತ್ನಮ್ಮನವರೂ ಒಂದು ಕಾಲಕ್ಕೆ ಮಾಸ್ತಿಯ ಸುತ್ತಮುತ್ತ ಮದುವೆಮನೆಗಳಲ್ಲಿ ಜೋಡಿಯಾಗಿ ಸೋಬಾನೆ ಹೇಳುತ್ತಿದ್ದವರು. ಅಕ್ಕ ಹೋದ ವರ್ಷ ತೀರಿಕೊಂಡರು. ಇಬ್ಬರೂ ಸೇರಿ ಹಾಡಿದ್ದರಲ್ಲಿ ಉಳಿದಿರುವುದು ಯಾರದೋ ಮದುವೆಯಲ್ಲಿ ತುಂಬಿಸಿದ ಒಂದು ಕ್ಯಾಸೆಟ್ ಮಾತ್ರ. ಅದನ್ನು ಕಂಪ್ಯೂಟರಿಗೆ ಇಳಿಸಿ, ಒಳ್ಳೆಯ ಸ್ಪೀಕರ್ ತಂದು, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹಾಕಿದರೆ, ಬರಿಗೋಡೆಗಳ ನಡುವೆ ಧ್ವನಿ ಅಲ್ಲಿಂದಿಲ್ಲಿಗೆ ಬಡಿದು ಕಲಸಿಹೋಯಿತು. "ಇದ್ರಲ್ಲಿ ನಾನೊಬ್ಳೇ ಅರಚ್ತಾ ಇದೀನಲ್ಲಪ್ಪ, ನಮ್ಮಕ್ಕ ಎಲ್ಲವ್ಳೆ?" ಎಂದು ಕೇಳಿ ಅತ್ತೆ ಎದ್ದುಹೋದರು. ಆ ಪ್ರಶ್ನೆ ನನ್ನನ್ನು ಕೂರಲು ಬಿಡಲಿಲ್ಲ.

ಗೋಡೆಗೆ ಹಿಡಿದ ಕನ್ನಡಿಯಲ್ಲಿ, ಕುರ್ಚಿಯಲ್ಲಿ ಕೂತವನಿಗೆ ಸ್ಪೀಕರ್ ಎಲ್ಲಿ ಕಾಣುತ್ತದೋ ಶಬ್ದ ಬಡಿದು ಬರುವುದು ಅಲ್ಲಿಂದಲೇ, ಅಲ್ಲಿ ಸದ್ದು ಹೀರುವ ಮೆತ್ತೆ ಕೂರಿಸಬೇಕು ಎಂದು ಎಲ್ಲೋ ಓದಿದೆ. ನನ್ನ ಹೆಂಡತಿ ಸುನಂದ ಕನ್ನಡಿ ಹಿಡಿದು ಗೋಡೆಯುದ್ದಕ್ಕೂ ನಡೆದಳು. ಹನ್ನೆರಡು ಅಡಿ ಗೋಡೆಯಲ್ಲಿ ಸ್ಪೀಕರ್ ಕಂಡದ್ದು ಸರಿಯಾಗಿ ತಮ್ಮ ಮುಖದ ಮೇಲೆ. ಇಷ್ಟು ಆಯಕಟ್ಟಿನ ಜಾಗವನ್ನು ಹನ್ನೊಂದು ವರ್ಷ ಮೊದಲೇ ಹಿಡಿದಿಟ್ಟ ತಮ್ಮ ದೂರದೃಷ್ಟಿಗೆ ತಲೆದೂಗದೆ ಇರಲಾರೆ.

ಮರದ ಚೌಕಟ್ಟಿನೊಳಗೆ ಕಲ್ಲಿನ ನಾರಿನಿಂದ ಮಾಡಿದ ರಾಕ್‌ವುಲ್ ತುಂಬಿ, ಬಟ್ಟೆ ಬಿಗಿದು, ನಾಲ್ಕು ಇಂಚು ದಪ್ಪದ ಮೆತ್ತೆಯೊಂದನ್ನು ನಾನೇ ಮಾಡಿ ತಮ್ಮ ಮೇಲೆ ನೇತುಹಾಕಿದೆ. ನಮ್ಮ ಎಲೆಕ್ಟ್ರಿಷಿಯನ್ ಆಂಜಿ ಬಂದವನು ನೋಡಿ, "ಏನ್ ಸಾರ್, ಪ್ಲಗ್ಗಿಗೆ ಕಂಬಳಿ ಹೊದ್ಸಿದೀರ? ಒಳಗೆ ಬಿಸಿಯಾದ್ರೆ ಯಾರಿಗ್ ಗೊತ್ತಾಗ್ತದೆ? ತೆಗೀರಿ ಮೊದ್ಲು" ಎಂದ. ತಮ್ಮ ಅಳತೆಗೆ ಮೆತ್ತೆಯಲ್ಲಿ ಕಿಟಕಿ ಕೊಯ್ಯಬೇಕು, ತಮ್ಮನ್ನು ಮುಂದಕ್ಕೆ ತಂದು ಬಟ್ಟೆಯ ಮಟ್ಟಕ್ಕೆ ಕೂರಿಸಬೇಕು ಎಂಬುದು ಅವನ ತೀರ್ಪು. ನಾನು ಮೆತ್ತೆಯನ್ನು ಬೋರಲು ಹಾಕಿ, ಎರಡು ಸಲ ಅಳೆದು, ಬಹಳ ನೀಟಾಗಿ ಕೊಯ್ದೆ. ತಿರುಗಿಸಿ ನೇತುಹಾಕಿದಾಗ ತಾವು ಎಡಗಡೆ, ಕಿಟಕಿ ಬಲಗಡೆ. ಸುನಂದ ನಗಲಿಲ್ಲ, ನಗಬಾರದೆಂದು ಆಕೆ ಪಟ್ಟ ಕಷ್ಟವನ್ನು ತಾವೂ ನೋಡಿದ್ದೀರಿ.

ಎರಡನೆಯ ಮೆತ್ತೆ ಸರಿಹೋಯಿತು. ಆಂಜಿ ಮೇನ್ ಆಫ್ ಮಾಡಿ, ತಮ್ಮ ಹಿಂದೆ ಇನ್ನೊಂದು ಪೆಟ್ಟಿಗೆ ಜೋಡಿಸಿ, ತಮ್ಮನ್ನು ಮದುಮಗನಂತೆ ಮುಂದಕ್ಕೆ ತಂದು ಕೂರಿಸಿದ. ಬಾಗಿಲು ಹಾಕಿಕೊಂಡು ಕುಳಿತೆ. ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಗೋಡೆಯಾಚೆಯ ಅಡುಗೆಮನೆಯಿಂದ ತಮ್ಮ ಮೂಲಕ ಬಂದ ಮಿಕ್ಸಿಯ ಸದ್ದಿನಲ್ಲೇ ಚಟ್ನಿಗೆ ಹುರಿಗಡಲೆ ಹಾಕಿದ್ದಾರೋ ಇಲ್ಲವೋ ಹೇಳಬಹುದಿತ್ತು. ಮಿಕ್ಸಿ ನಿಂತ ಮೇಲೆ ಸುನಂದಳ ಸ್ವರ: "ಗೋಡೆಗೆಲ್ಲ ಹಾಸಿಗೆ ಹೊಲಿದಾಯ್ತು ಕಣಮ್ಮ. ಇನ್ನ ನಮಗೂ ಹೊಲೀತಾರೆ, ಮಾತಾಡ್ದೆ ಇರ್ಲಿ ಅಂತ."

ತಮ್ಮ ಬೆನ್ನಿಗೇ ಅಡುಗೆಮನೆಯ ಪ್ಲಗ್ ಪಾಯಿಂಟ್ ಇದೆಯೆಂದೂ, ತಮ್ಮಿಬ್ಬರ ನಡುವೆ ಪೊಳ್ಳಲ್ಲದೆ ಬೇರೇನೂ ಇಲ್ಲವೆಂದೂ ಆಂಜಿ ಪತ್ತೆಮಾಡಿದ. ಗುರುವಾರ ಬೆಂಕಿ ತಗುಲದ ಪುಟ್ಟಿ ತಂದು ಮೆತ್ತಿಬಿಡುವುದಾಗಿ ಹೇಳಿಹೋದ. ಅಲ್ಲಿಗೆ ತಮ್ಮ ಮೇಲಿನ ದೂರು ಮುಗಿಯಬೇಕಿತ್ತು.

ಆದರೆ ಅತ್ತೆ ಕೋಣೆಯೊಳಗೆ ಬರಲೊಲ್ಲರು. "ಅಲ್ಲಿ ಕೂತ್ರೆ ಕಿವೀಗೆ ಬಟ್ಟೆ ತುರುಕ್ದಂಗಾಗ್ತದೆ" ಎಂದರು. ಎಷ್ಟು ಕರೆದರೂ ಅಷ್ಟೇ. ಎರಡು ತಿಂಗಳ ಕೆಲಸ ಹೀಗೆ ನೀರುಪಾಲಾದುದಕ್ಕೆ ನಾನು ಮುಖ ಊದಿಸಿಕೊಂಡು, ಬುಧವಾರ ಸಂಜೆ ಒಬ್ಬನೇ ಕುಳಿತು ಕ್ಯಾಸೆಟ್ಟಿನ ಹಾಡು ಹಾಕಿದೆ. ಅತ್ತೆ ಆಚೆಕಡೆ, ಅಡುಗೆಮನೆಯ ಕಟ್ಟೆಯ ಪಕ್ಕ ಸ್ಟೂಲಿನ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಸುಲಿಯುವ ಸದ್ದು ನಿಂತಿತು. ಆ ಪುಟ್ಟ ತೂತುಗಳು ಮಂದ್ರದ ಗುಂಯ್‌ಗುಡುವಿಕೆಯನ್ನೆಲ್ಲ ತಡೆದು, ಗಂಗರತ್ನಮ್ಮನವರ ತೆಳುವಾದ, ಎತ್ತರದ ಕಂಠವನ್ನಷ್ಟೇ ಆಚೆ ದಾಟಿಸಿದುವೋ ಏನೋ, ನಾನು ತಿಳಿದವನಲ್ಲ. ಅತ್ತೆ, "ಇಗೋ, ಅಕ್ಕ" ಎಂದದ್ದು ಕೇಳಿಸಿತು. ಆಮೇಲೆ ಅವರು ತಮ್ಮ ಸಾಲನ್ನು ಹಾಡಿದರು. ಅಕ್ಕನ ಸಾಲು ಬಂದಾಗ ಸುಮ್ಮನಾದರು. ಮತ್ತೆ ತಮ್ಮದನ್ನು ಹಿಡಿದರು. ಒಂದು ಕಡೆ ಅಕ್ಕನಿಗೆ ಕೆಮ್ಮು ಬಂದು ಹಾಡು ನಡುವೆ ನಿಂತಿತು. "ನೀ ಸುಧಾರಿಸ್ಕೋ ಕಣಕ್ಕ, ನಾನ್ ಹೇಳ್ತೀನಿ" ಎಂದು ಅತ್ತೆ ಆ ಸಾಲನ್ನೂ ತಾವೇ ಮುಗಿಸಿದರು. ನಾನು ಎದ್ದು ಹೋಗಲಿಲ್ಲ. ಕುರ್ಚಿ ಕಿರ್ರೆಂದೀತೆಂದು ಅಲುಗಾಡಲೂ ಇಲ್ಲ.

ಗುರುವಾರ ಪುಟ್ಟಿಯೊಂದಿಗೆ ಬಂದ ಆಂಜಿಯನ್ನು ಕಾಫಿ ಕೊಟ್ಟು ವಾಪಸು ಕಳಿಸಿದ್ದೇನೆ. ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಅಕ್ಕತಂಗಿಯರ ಹಾಡು ಎರಡೂ ಕಡೆಯಿಂದ ಧಾರಾಳವಾಗಿ ಹೋಗಿಬರಲಿ; ಮಿಕ್ಸಿ, ಕುಕ್ಕರು ಮತ್ತು ನನ್ನ ಬಗೆಗಿನ ಅಭಿಪ್ರಾಯಗಳನ್ನು ದಯವಿಟ್ಟು ತಾವು ಅಲ್ಲಿಯೇ ತಡೆದು ನಿಲ್ಲಿಸಿಕೊಳ್ಳಬೇಕು.

ಮುಂದೆಂದೂ ತಮ್ಮ ಬೆನ್ನ ಹಿಂದೆ ಮಾತಾಡಲಾಗದ,
ತಮ್ಮ ವಿಶ್ವಾಸಿ,
ಅಮರನಾಥ್

ವಿ. ಸೂ.: ನಿನ್ನೆ ಮಧ್ಯಾಹ್ನ ಕರೆಂಟ್ ಹೋದ ತಕ್ಷಣ, "ಈಗಾದ್ರೂ ಆಚೆ ಬರ್ತಾರೇನೋ ನೋಡು" ಎಂಬ ಸುನಂದಳ ಮಾತು ತಮ್ಮ ಮೂಲಕ ಸ್ಪಷ್ಟವಾಗಿ ತಲುಪಿತು. ವಿದ್ಯುತ್ತೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅಡಚಣೆಯಿಲ್ಲದೆ ಪೂರೈಸುತ್ತಿರುವ ತಮಗೆ ಅಭಿನಂದನೆಗಳು.