ಒಂದು ಕಾಲು, ಒಂದು ಕೊಂಬು

ಕ್ಯಾಮೆರಾ ಕಂಡ ಕೂಡಲೇ ನಮ್ಮ ಕಡೆಯ ಜನರಿಗೆ ಏನೋ ಆಗುತ್ತದೆ. ಅಲ್ಲಿಯವರೆಗೆ ಕಷ್ಟ ಹೇಳಿಕೊಳ್ಳುತ್ತಿದ್ದವರು "ಒಂದ್ನಿಮಿಷ ತಡೀರಿ" ಎಂದು ಒಳಗೆ ಹೋಗಿ ಪೌಡರ್ ಹಾಕಿಕೊಂಡು ಬರುತ್ತಾರೆ. ಕಣ್ಣೀರು ತರಿಸುವ ವಿಡಿಯೋ ಮಾಡಲು ಹೋದ ನಾವು ನಗು ತಡೆದುಕೊಂಡು ವಾಪಸು ಬರುತ್ತೇವೆ. ಇದು ನಿಂತೀತು ಎಂಬ ಆಸೆಯನ್ನು ನಾನಂತೂ ಬಿಟ್ಟಿದ್ದೇನೆ.

ನಾನಿರುವುದು ಹೊನ್ನಾವರದ ಒಂದು ಸಣ್ಣ ಸೇವಾ ಸಂಸ್ಥೆಯಲ್ಲಿ. ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಹಾಕಿಸಿಕೊಡುವುದು ಸಂಸ್ಥೆಯ ಕೆಲಸ. ದುಡ್ಡು ಊರವರಿಂದ ಬರಬೇಕು. ಊರವರು ಕೊಡಬೇಕಾದರೆ ಮೊಬೈಲಿನಲ್ಲಿ ಸಣ್ಣದೊಂದು ವಿಡಿಯೋ ನೋಡಬೇಕು. ಅದನ್ನು ಮಾಡಿಸುವುದು, ಕತ್ತರಿಸಿ ಜೋಡಿಸುವುದು, ಕೊನೆಗೆ ಅಕ್ಷರ ಹಾಕುವುದು ನನ್ನ ಪಾಲಿಗೆ. ನನಗೆ ಮಾತು ಕಡಿಮೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರನ್ನು ಯಾರೂ ಮಾತಾಡಿಸುವುದಿಲ್ಲ ಎಂದು ನಂಬಿ ಎಡಿಟಿಂಗ್ ಕಲಿತವಳು. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಓದುವುದಕ್ಕೆ ತೊಂದರೆಯಿಲ್ಲ, ಬರೆಯುವಾಗ ಗುಡಿಸು ಯಾವುದಕ್ಕೆ ಕೊಂಬು ಯಾವುದಕ್ಕೆ ಎಂದು ಕೈ ತಡೆಯುತ್ತದೆ. ಈ ಬರಹವನ್ನೂ ಅಮ್ಮನಿಗೆ ತೋರಿಸಿ, ತಿದ್ದಿಸಿಕೊಂಡೇ ಕಳಿಸುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಒಂದೇ ಕಾಲಿನ ಸುತ್ತ ನಡೆದದ್ದು.

ಅಬ್ಬಲಿಗೆ ದಂಡೆ

ಆ ಕಾಲು ಒಬ್ಬ ಮೀನಿನ ಅಜ್ಜಿಯದು. ಹೊನ್ನಾವರದ ಮೀನು ಮಾರ್ಕೆಟ್ಟಿನಲ್ಲಿ ಬಾಗಿಲಿಗೆ ಹತ್ತಿರದ ಜಾಗ ಅವಳದು. ಒಳಗೆ ಬರುವ ಗಿರಾಕಿಯ ಕಣ್ಣು ಮೊದಲು ಬೀಳುವುದೇ ಅಲ್ಲಿಗೆ. ಶುಗರ್ ಜೋರಾಗಿ ಒಂದು ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅಂದಿನಿಂದ ಆ ಜಾಗದಲ್ಲಿ ಅವಳ ನಾದಿನಿ, ಅಂದರೆ ಗಂಡನ ತಂಗಿ, ಕೂರುತ್ತಿದ್ದಳು. "ನೀ ಬರೂವರೆಗೆ ನೋಡ್ಕಂತೆ ಅತ್ಗೆ" ಎಂದು ಹೇಳಿಯೇ ಕೂತದ್ದು. ಆದರೆ ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿಯುವ ದಿನ ಯಾರು ಅಲ್ಲಿ ಬುಟ್ಟಿ ಇಡುತ್ತಾರೋ, ಆ ವರ್ಷವಿಡೀ ಜಾಗ ಅವರದು ಎಂಬುದು ಮಾರ್ಕೆಟ್ಟಿನ ಹೆಂಗಸರ ಕಟ್ಟಳೆ. ಅಜ್ಜಿಗೆ ಅಷ್ಟರೊಳಗೆ ಕಾಲು ಬೇಕು. ನಮಗೆ ಅದಕ್ಕಿಂತ ಮೊದಲು ದುಡ್ಡು ಬೇಕು.

ಶೂಟಿಂಗಿಗೆ ಹೋದೆವು. ನಾನು, ನಮ್ಮ ಸಂಸ್ಥೆಯ ಮುಖ್ಯಸ್ಥರಾದ ಸರ್, ಮತ್ತೆ ಕುಮಟಾದ ಒಬ್ಬ ಕ್ಯಾಮೆರಾದವ. ಅವನ ನಿಜವಾದ ಕಸುಬು ಮದುವೆ ವಿಡಿಯೋ. ಮಳೆಗಾಲದಲ್ಲಿ ಮುಹೂರ್ತ ಇರುವುದಿಲ್ಲವಾದ್ದರಿಂದ ನಮಗೆ ಕಡಿಮೆ ದರಕ್ಕೆ ಸಿಗುತ್ತಾನೆ.

"ಮನೆ ಹೇಗಿದೆಯೋ ಹಾಗೇ ಇರಲಿ, ಏನೂ ಮಾಡಬೇಡಿ" ಎಂದು ಸರ್ ಹಿಂದಿನ ದಿನ ಫೋನ್ ಮಾಡಿ ಹೇಳಿದ್ದರು. ಹೋಗಿ ನೋಡಿದರೆ ಅಜ್ಜಿ ಮಗನ ಮದುವೆಯ ರೇಷ್ಮೆ ಸೀರೆಯಲ್ಲಿ ಕೂತಿದ್ದಾಳೆ. ಮುಡಿ ತುಂಬ ಅಬ್ಬಲಿಗೆ ದಂಡೆ. ಕೊರಳಲ್ಲಿ ಆಚೆಮನೆಯವರ ಸರ. ಕೂತದ್ದು ಈಚೆಮನೆಯವರ ಸೋಫಾದ ಮೇಲೆ. ಸೋರುವ ಜಾಗದಲ್ಲಿ ಇಟ್ಟ ಬಾಲ್ದಿಗೂ ಒಂದು ಕಸೂತಿ ಬಟ್ಟೆ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಿದ್ದರು. ಮೇಲಿಂದ ನೀರು ತೊಟ್ಟಿಕ್ಕಿ ಆ ಪ್ಲಾಸ್ಟಿಕ್ ಹೂವು ನಳನಳಿಸುತ್ತಿತ್ತು.

ಸರ್ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: "ಇವಳ ಹತ್ರ ನಾವೇ ಎಂತಾದ್ರೂ ಕೇಳಿ ಇಸ್ಕೊಳ್ಳೋದಾ ಅಂತ ಯೋಚನೆ ಬರ್ತಾ ಇದೆ."

ಅಳು

ಎರಡನೇ ಸಲ ಹೋದಾಗ ಸಾದಾ ಸೀರೆ ಉಡಿಸಲು ಸಾಧ್ಯವಾಯಿತು. ಅಬ್ಬಲಿಗೆ ತೆಗೆಯಲು ಅವಳು ಒಪ್ಪಲಿಲ್ಲ. "ಗಂಡ ಇದ್ದಾನೆ, ಹೂ ಯಾಕೆ ತೆಗೀಲಿ?" ಎಂದಳು. ಗಂಡ ಅಲ್ಲೇ ಬಲೆ ಹೆಣೆಯುತ್ತಾ ಕೂತಿದ್ದವನು "ಹೌದು, ಇದ್ದೇನೆ" ಎಂದು ಸಾಕ್ಷಿ ನುಡಿದ.

ಸ್ವಲ್ಪ ಕಣ್ಣೀರು ಬಂದರೆ ಒಳ್ಳೆಯದು ಎಂದು ಸರ್ ಕ್ಯಾಮೆರಾದವನಿಗೆ ಸನ್ನೆ ಮಾಡಿದರು. ಅವನಿಗೆ ಅಳಿಸಿ ಗೊತ್ತಿರುವುದು ಮದುಮಗಳ ತಾಯಂದಿರನ್ನು ಮಾತ್ರ.

"ಅಜ್ಜೀ, ಮಗಳನ್ನ ಗಂಡನ ಮನೆಗೆ ಕಳಿಸಿದ ದಿನ ನೆನಪು ಮಾಡ್ಕೊಳ್ಳಿ."

ಅಜ್ಜಿಯ ಮುಖ ಅರಳಿತು. "ಅಯ್ಯೋ, ಅವಳು ಹೋದ್ಮೇಲೆ ಮನೇಲಿ ಎಷ್ಟು ಆರಾಮ ಗೊತ್ತದೆಯಾ?"

"ಹಂಗಾರೆ ಕಾಲು ಹೋದದ್ದು ನೆನೆಸ್ಕೊಳ್ಳಿ. ಸ್ವಲ್ಪ ಅಳಿ."

"ಕಾಲು ಹೋದಾಗ ಅತ್ತಾತು ಮಾರಾಯ. ಒಂದೇ ಕಾಲಿಗೆ ಎಷ್ಟು ಸಲ ಅಳೂದು?"

ಸರ್ ಸೋತು, "ಆಯ್ತು, ಅಳುವುದು ಬೇಡ. ಕ್ಯಾಮೆರಾ ನೋಡಿ ಜನರ ಹತ್ತಿರ ನಿಮ್ಮ ಮಾತಲ್ಲೇ ಸಹಾಯ ಕೇಳಿ" ಎಂದರು. ಅಜ್ಜಿ ಒಂದು ಕ್ಷಣ ಕ್ಯಾಮೆರಾದ ಕಣ್ಣನ್ನೇ ನೋಡಿದಳು. ಕೊಳ್ಳದೆ ಮೀನು ಹಿಚುಕಿ ಹಿಚುಕಿ ನೋಡುವ ಗಿರಾಕಿ ಎದುರು ನಿಂತ ಹಾಗೆ ಅವಳಿಗೆ ಕಂಡಿರಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ ಜೋರಾಗಿ ಹೇಳಿದಳು:

"ಕೊಡೂದಾದ್ರೆ ಕೊಡಿ. ಸುಮ್ನೆ ಮುಟ್ಟಿ ನೋಡ್ಕಂಡು ಹೋಗೂದು ಬೇಡ!"

ಸರ್ ತಲೆ ಮೇಲೆ ಕೈ ಇಟ್ಟುಕೊಂಡರು. ನನಗೆ ಮಾತ್ರ ಆ ಎರಡು ದಿನಗಳಲ್ಲಿ ಸಿಕ್ಕ ಒಂದೇ ನಿಜವಾದ ಮಾತು ಇದು ಅನ್ನಿಸಿತು. ಯಾರಿಗೂ ಹೇಳದೆ ಆ ತುಣುಕನ್ನು ಬೇರೆ ತೆಗೆದಿಟ್ಟುಕೊಂಡೆ.

ಹೃದಯದ ಆಕಾರ

"ಎಡಿಟಿಂಗ್ ನಾನೇ ಒಂದ್ಸಲ ಮಾಡಿ ತೋರಿಸ್ತೇನೆ ಮೇಡಂ" ಎಂದ ಕ್ಯಾಮೆರಾದವ. ಬೇಡ ಎನ್ನಬೇಕಿತ್ತು. ನನಗೆ ಎದುರಿಗಿದ್ದವರಿಗೆ ಬೇಡ ಎನ್ನಲು ಬರುವುದಿಲ್ಲ, ತಲೆ ತಾನಾಗಿ ಹೂಂ ಎಂದು ಆಡುತ್ತದೆ.

ಕುಮಟಾದ ಅವನ ಸ್ಟುಡಿಯೋದಲ್ಲಿ ಕೂತು ನೋಡಿದೆ. ಶಹನಾಯಿ ಶುರುವಾಯಿತು. ಹೃದಯದ ಆಕಾರದ ಚೌಕಟ್ಟು ತೆರೆದು ಅಜ್ಜಿ ಕಾಣಿಸಿಕೊಂಡಳು. ಎಡಗಡೆಯಿಂದ ಊರುಗೋಲು ತಿರುಗುತ್ತಾ ಬಂತು. ಗುಲಾಬಿ ಎಸಳು ಉದುರಿದವು. ಅಜ್ಜಿ ಒಂಟಿ ಕಾಲಲ್ಲಿ ಎದ್ದು ನಿಲ್ಲುವುದನ್ನು ಮೂರು ಕಡೆಯಿಂದ, ನಿಧಾನಗತಿಯಲ್ಲಿ ತೋರಿಸಿದ್ದ. ಪಕ್ಕದ ಹೃದಯದಲ್ಲಿ ಬಲೆ ಹೆಣೆಯುವ ಗಂಡ. ಎರಡು ಹೃದಯಗಳೂ ನಿಧಾನವಾಗಿ ಒಂದಾದವು.

"ಹೇಗದೆ ಮೇಡಂ?"

"ಚೆನ್ನಾಗಿದೆ" ಎಂದೆ. ಆ ಮೇಲೆ ಆಫೀಸಿಗೆ ಬಂದು ಎಲ್ಲವನ್ನೂ ಮೊದಲಿನಿಂದ ಮಾಡತೊಡಗಿದೆ. ಅಷ್ಟರಲ್ಲಿ ಅವನು ತನ್ನದನ್ನು "ಮೇಡಂಗೆ ಹಿಡಿಸಿದೆ" ಎಂದು ಸರ್ ಮೊಬೈಲಿಗೂ ಕಳಿಸಿಯಾಗಿತ್ತು. ಸರ್ ಅದನ್ನು ಕೊನೆಯವರೆಗೆ ನೋಡಿ, ಕೋಣೆಯ ಬಾಗಿಲಿಗೆ ಬಂದು ಕೇಳಿದರು:

"ಮದುವೆ ಊಟಕ್ಕೆ ಎಷ್ಟು ಗಂಟೆಗೆ ಹೋಗಬೇಕು?"

ಮಸುಕು

ವಿಡಿಯೋದಲ್ಲಿ ಒಬ್ಬ ದಾನಿಯ ಮಾತೂ ಇದ್ದರೆ ನೋಡುವವರಿಗೆ ಧೈರ್ಯ ಬರುತ್ತದೆ. ಭಟ್ಕಳದಲ್ಲಿ ಒಬ್ಬ ಹಿರಿಯ ಬಟ್ಟೆ ವ್ಯಾಪಾರಿ ಇದ್ದಾರೆ. ನಮಗೆ ಯಾವಾಗಲೂ ಕೊಡುವವರು. ಅವರ ಮನೆಗೆ ಹೋದೆವು. ಮೊದಲು ತಿನ್ನಿಸಿದರು, ಆಮೇಲೆ ಕುಡಿಸಿದರು, ಆಮೇಲೆ ಮತ್ತೆ ತಿನ್ನಿಸಿದರು. ಕ್ಯಾಮೆರಾ ತೆಗೆದಾಗ ಮಾತ್ರ ಕೈ ಅಡ್ಡ ಹಿಡಿದರು.

"ಬೇಡಮ್ಮಾ. ಕೊಟ್ಟದ್ದು ಕೊಟ್ಟವನಿಗೂ ಮೇಲಿನವನಿಗೂ ಗೊತ್ತಿದ್ರೆ ಸಾಕು. ಊರಿಗೆ ಯಾಕೆ?"

ಮುಖ ಮಸುಕು ಮಾಡುತ್ತೇನೆ, ಹೆಸರು ಹಾಕುವುದಿಲ್ಲ ಎಂದು ತಡವರಿಸುತ್ತಾ ಹೇಳಿದೆ. ನನ್ನ ಅವಸ್ಥೆ ನೋಡಿ ಕನಿಕರ ಬಂದು ಒಪ್ಪಿದರು. ಇಡೀ ದಿನ ಕೂತು ಮುಖ ಮಸುಕು ಮಾಡಿದೆ. ಟೋಪಿ, ಗಡ್ಡ, ಹಿಂದಿನ ಗೋಡೆ, ಕೈಯ ಉಂಗುರ, ಒಂದನ್ನೂ ಬಿಡಲಿಲ್ಲ. ಕೊನೆಗೆ ಮಂಜಿನೊಳಗಿಂದ ಯಾರೋ ಮಾತಾಡುತ್ತಿರುವಂತೆ ಆಯಿತು. ಒಪ್ಪಿಗೆಗೆಂದು ಅವರಿಗೊಬ್ಬರಿಗೇ ಕಳಿಸಿದೆ. ಅವರು ಅಂಗಡಿಯಲ್ಲಿ ಕೂತು ಜೋರಾಗಿ ಶಬ್ದ ಇಟ್ಟು ನೋಡಿದ್ದಾರೆ.

ಸಂಜೆ ಫೋನ್ ಬಂತು. "ಅಮ್ಮಾ, ಮುಖ ಬಹಳ ಚಂದ ಅಳಿಸಿದ್ದೀ, ನನಗೇ ನನ್ನ ಗುರುತು ಸಿಗ್ಲಿಲ್ಲ. ಆದರೆ ನಡುವೆ ನಾನು ಒಮ್ಮೆ ಕೆಮ್ಮಿದ್ದು ಹಾಗೇ ಇದೆ. ಅದನ್ನ ಕೇಳಿ ಆಚೆ ಅಂಗಡಿಯವ ಅಲ್ಲಿಂದಲೇ ಕೂಗಿದ, 'ಭಾಯೀ, ವಿಡಿಯೋ ಮಾಡಿಸಿದ್ರಾ?' ಅಂತ. ನನ್ನ ಕೆಮ್ಮು ಇಡೀ ಬಜಾರಿಗೆ ಗೊತ್ತು."

"ಸಾರಿ ಅಂಕಲ್" ಎಂದೆ.

"ಸಾರಿ ಎಂತಕ್ಕೆ? ಕೆಮ್ಮನ್ನೂ ಸ್ವಲ್ಪ ಮಸುಕು ಮಾಡಿಬಿಡು."

ಹಾಗೆಯೇ, ಕೊಡುವವರ ಹೆಸರು ಎಲ್ಲಿಯೂ ಹೇಳುವುದಿಲ್ಲ ಎಂದು ವಿಡಿಯೋದ ಕೊನೆಗೆ ಬರೆದುಬಿಡು, ನನ್ನಂಥವರು ಬಹಳ ಜನ ಇದ್ದಾರೆ ಎಂದರು. ಒಳ್ಳೆಯ ಸಲಹೆ ಎಂದು ಒಪ್ಪಿಕೊಂಡೆ. ಮುಂದೆ ಆದದ್ದಕ್ಕೆ ಈ ಸಲಹೆಯೂ ಅರ್ಧ ಕಾರಣ.

ಕೊಂಬು

ದೋಣಿಗಳಿಗೆ ಬಣ್ಣ ಬಳಿಯುವುದು ಶುರುವಾಗಿತ್ತು. ನಾದಿನಿ ಹೊಸ ಬುಟ್ಟಿ ಕೊಂಡಳಂತೆ ಎಂದು ಅಜ್ಜಿ ಫೋನ್ ಮಾಡಿದಳು. ಅವಸರದಲ್ಲಿ ವಿಡಿಯೋ ಮುಗಿಸಿದೆ. "ಸುಮ್ನೆ ಮುಟ್ಟಿ ನೋಡ್ಕಂಡು ಹೋಗೂದು ಬೇಡ" ಎಂಬ ಮಾತನ್ನು ಧೈರ್ಯ ಮಾಡಿ ಇಟ್ಟೇ ಬಿಟ್ಟೆ. ಅದರ ಹಿಂದೆಯೇ ಕಪ್ಪು ಪರದೆಯ ಮೇಲೆ ದೊಡ್ಡ ಬಿಳಿ ಅಕ್ಷರ ಬರಬೇಕು. ನಾನು ಕನ್ನಡ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರ ಒತ್ತಿ. ಮೊಬೈಲು ತಾನೇ ಕನ್ನಡ ಮಾಡಿ ಕೊಡುತ್ತದೆ. ಬರೆದೆ, ಓದಿದೆ, ಸರಿ ಅನ್ನಿಸಿತು. ಸರ್ ನೋಡಿದರು, ಕನ್ನಡಕ ಮನೆಯಲ್ಲಿ ಬಿಟ್ಟುಬಂದಿದ್ದರು. ಕ್ಯಾಮೆರಾದವನೂ ನೋಡಿದ, ಒಂದೇ ಒಂದು ಗುಲಾಬಿ ಎಸಳೂ ಇಲ್ಲವಲ್ಲ ಎಂಬ ದುಃಖದಲ್ಲಿ ಅವನಿಗೆ ಅಕ್ಷರ ಕಾಣಲಿಲ್ಲ. ವಿಡಿಯೋ ಹೊನ್ನಾವರ, ಕುಮಟಾ, ಭಟ್ಕಳ ಮೂರೂ ತಾಲೂಕಿನ ವಾಟ್ಸಾಪ್ ಗುಂಪುಗಳಿಗೆ ಹೋಯಿತು.

ಮೊದಲ ಫೋನು ಅಮ್ಮನದು. ಕುಮಟಾದಲ್ಲಿ ಅವಳ ಭಜನೆ ಗುಂಪಿಗೂ ಬಂದಿತ್ತು.

"ಎಂತ ಬರದು ಇಟ್ಟಿದ್ದೆ ಕೂಸೇ ಅದು? ಓದು, ಒಂದು ಸಲ ಬಾಯಿಬಿಟ್ಟು ಓದು."

ಬಾಯಿಬಿಟ್ಟು ಓದಿದೆ: "ಅಜ್ಜಿ ಮತ್ತೆ ನಡೆಯಬೇಕು. ದಯವಿಟ್ಟು ಕೈಲಾದಷ್ಟು ಕುಡಿ. ನಿಮ್ಮ ಹೆಸರನ್ನು ಗುಟ್ಟಾಗಿ ಇಡುತ್ತೇವೆ."

'ಕೊಡಿ' ಎಂಬಲ್ಲಿ 'ಕ' ಅಕ್ಷರಕ್ಕೆ ಕೊಂಬು ಬಿದ್ದಿತ್ತು. ಅಮ್ಮ ಹೇಳಿದಳು, "ಅಷ್ಟು ಫೀಸು ಕಟ್ಟಿ ಓದ್ಸಿದ್ದು ಊರವಕ್ಕೆಲ್ಲ 'ಕುಡಿ' ಹೇಳಿ ಬರೆಯಲಾ?"

ವಿಡಿಯೋ ಅಳಿಸಲು ಓಡಿದೆ. ಅದು ಕೈಮೀರಿ ಹೋಗಿತ್ತು. ನನಗೆ ನಾಚಿಕೆಗಿಂತ ಹೆದರಿಕೆ ದೊಡ್ಡದು: ಇದನ್ನು ನೋಡಿ ನಕ್ಕವರು ಯಾರು ದುಡ್ಡು ಕೊಡುತ್ತಾರೆ? ಅಜ್ಜಿಯ ಜಾಗ ಹೋಯಿತು, ನನ್ನ ಒಂದು ಕೊಂಬಿಗೆ ಸಿಕ್ಕಿ ಹೋಯಿತು ಎಂದು ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಆಫೀಸಿನ ಫೋನು ಹೊಡೆದುಕೊಂಡಿತು. ಅಲ್ಲಿ ನಾನೊಬ್ಬಳೇ. ಎತ್ತಲೇಬೇಕಾಯಿತು.

"ಮೇಡಂ, ನಾವು ಹೈವೇ ಪಕ್ಕದ ಬಾರಿನಿಂದ. ಇಲ್ಲಿ ನಾಲ್ಕೈದು ಜನ ಬೆಳಿಗ್ಗೆಯಿಂದ ನಿಮ್ಮ ಅಜ್ಜಿಗಾಗಿ ಕುಡೀತಾ ಇದ್ದಾರೆ. ಸಾಕಾ, ಇನ್ನೂ ಬೇಕಾ?"

ಶಾಲೆಯಲ್ಲಿ ಕಲಿಸಿದ ವಿನಯ ಬಾಯಿಗೆ ಬಂತು. "ಸಾಕು ಸರ್. ಥ್ಯಾಂಕ್ಯೂ ಸೋ ಮಚ್."

ಆ ಕಡೆ ಜೋರು ನಗು. ನಕ್ಕು ಮುಗಿದ ಮೇಲೆ ಬಾರಿನ ಮಾಲೀಕ ತಣ್ಣಗೆ ಕೇಳಿದ, "ಅದು ಬಿಡಿ ಮೇಡಂ. ಆ ಅಜ್ಜಿ ಹತ್ರ ನಮ್ಮ ಮನೆಗೆ ಮೀನು ತಗೊಳ್ತಾ ಇದ್ವಿ. ಕಾಲಿನ ವಿಷಯ ನಿಜವಾ?" ನಿಜ ಎಂದೆ. ಮರುದಿನ ಅವನ ಗಲ್ಲಾದ ಪಕ್ಕ ಒಂದು ಡಬ್ಬಿ ಕೂತಿತು. ಮೇಲೆ ಬರೆದಿತ್ತು: 'ಕುಡಿದವರು ಕೊಡಿ.' ಒಂದಕ್ಷರ ತಪ್ಪಿರಲಿಲ್ಲ. ಅದರ ಫೋಟೋ ನನ್ನ ವಿಡಿಯೋದ ಬೆನ್ನು ಹತ್ತಿ ಊರೂರು ಹೋಯಿತು. ನಕ್ಕವರೇ ಕೊಟ್ಟರು. ಭಟ್ಕಳದ ಹಿರಿಯರೂ ಫೋನ್ ಮಾಡಿದರು.

"ಅಮ್ಮಾ, ನಮಗೆ ಅದು ಹರಾಮು. ಲಿಂಬು ಶರಬತ್ತು ಕುಡಿದು ಕೊಟ್ರೆ ನಡೆಯುತ್ತಾ?"

"ಅಜ್ಜಿ ನಡೀತಾರೆ ಅಂಕಲ್" ಎಂದೆ. ನಾನು ಫೋನಿನಲ್ಲಿ ಆಡಿದ ಮೊದಲ ತಮಾಷೆ ಅದು. ಅವರು ಎಷ್ಟು ನಕ್ಕರೆಂದರೆ ಆ ಕೆಮ್ಮು ಮತ್ತೆ ಶುರುವಾಯಿತು.

ದೋಣಿ ಇಳಿಯುವ ಮೊದಲೇ ಕಾಲು ಬಂತು. ಮೀನು ಬಂದ ಮೊದಲ ದಿನ ಕೃತಜ್ಞತೆಯ ವಿಡಿಯೋ ಮಾಡಲು ಮಾರ್ಕೆಟ್ಟಿಗೆ ಹೋದೆವು. ಬಾಗಿಲ ಹತ್ತಿರದ ಜಾಗದಲ್ಲಿ ಅಜ್ಜಿ ಅಬ್ಬಲಿಗೆ ಮುಡಿದು ಕೂತಿದ್ದಾಳೆ. ನಾದಿನಿಯ ಹೊಸ ಬುಟ್ಟಿ ಆಚೆ ಕಂಬದ ಹತ್ತಿರ. ರಬ್ಬರ್ ಕಾಲನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಚಾಚಿದ್ದಳು. ಐದು ಬೆರಳೂ ತಿದ್ದಿ ತೀಡಿದ ಚಂದದ ಪಾದ. "ಈ ಕಡೆದಕ್ಕಿಂತ ಆ ಕಡೆದೇ ಲಾಯ್ಕದೆ" ಎಂದು ನನಗೆ ಹೇಳಿದಳು.

ಅಷ್ಟರಲ್ಲಿ ಒಬ್ಬ ತೂರಾಡುತ್ತಾ ಬಂದ. ದೂರದಿಂದಲೇ ವಾಸನೆ. ಬಂಗಡೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಭೀರವಾಗಿ ಹೇಳಿದ:

"ಅಜ್ಜೀ, ರೇಟು ನೋಡಿ ಹಾಕು. ಈ ಕಾಲಿಗೆ ನಾನೂ ಕುಡಿದಿದ್ದೆ, ಕೊಟ್ಟೂ ಇದ್ದೆ. ಇದರಲ್ಲಿ ನನ್ನದೂ ಪಾಲದೆ."

ಅಜ್ಜಿ ಮೀನು ಕೊಯ್ಯುವ ಕತ್ತಿ ಕೈಗೆತ್ತಿಕೊಂಡು, ರಬ್ಬರ್ ಪಾದವನ್ನು ಅವನ ಮುಂದೆ ಇನ್ನಷ್ಟು ಚಾಚಿದಳು.

"ಯಾವ ಬೆರಳು ನಿಂದು, ತೋರ್ಸು. ಕೊಯ್ದು ಕೊಡ್ತೆ, ತಕಂಡು ಹೋಗು. ಬಂಗಡೆ ರೇಟು ಮಾತ್ರ ಅದೇಯ."